ಮೋಟಾರಿನ ಗಣಕವೂ ದೋಷನಿದಾನವೂ

ಮುಂಬಯಿಯಲ್ಲಿ ನೆಲಸಿದ ಕನ್ನಡ ಕುಟುಂಬಗಳಿಗೆ ಮೋಟಾರು ವಾಹನವು ಕಚೇರಿಗೆ ಹೋಗಿಬರುವ ಸಾಧನವೆಂಬುದಕ್ಕಿಂತ ಊರಿಗೆ ಹೋಗಿಬರುವ ಸಾಧನವೆನ್ನುವುದೇ ಹೆಚ್ಚು ಸರಿ. ಕಚೇರಿಗೆ ಲೋಕಲ್ ರೈಲು ಇದ್ದೇ ಇದೆ. ಮೇ ತಿಂಗಳ ರಜೆಯಲ್ಲಿಯೋ, ಊರಿನ ತೇರು ಕೋಲಗಳಿಗೋ, ಮನೆಯ ಮದುವೆ ಮುಂಜಿಗಳಿಗೋ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಪನವೇಲಿನಿಂದ ಕೊಂಕಣದ ಘಟ್ಟಗಳನ್ನು ಏರಿಳಿದು ಉಡುಪಿ ಮಂಗಳೂರುಗಳಿಗೆ, ಇಲ್ಲವೆ ಪುಣೆ ಕೊಲ್ಹಾಪುರಗಳ ಮಾರ್ಗವಾಗಿ ಬೆಳಗಾವಿ ಧಾರವಾಡಗಳಿಗೆ ಹೋಗಬೇಕಾಗುತ್ತದೆ. ಇದಕ್ಕೆಂದೇ ಏಳು ಮಂದಿ ಹಿಡಿಸುವ ಎತ್ತರದ ಡೀಸೆಲ್ ವಾಹನವನ್ನು, ಈಗಿನ ಬಳಕೆಯ ಮಾತಿನಲ್ಲಿ ಎಸ್.ಯು.ವಿ.ಯನ್ನು, ಅನೇಕರು ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡರು. ಇಂದು ಆ ವಾಹನಗಳಿಗೆ ವಯಸ್ಸಾಗಿದೆ. ನಗರದೊಳಗೆ ತಕ್ಕಮಟ್ಟಿಗೆ ಓಡುವ ಗಾಡಿಯು ಖಂಡಾಲದ ಏರಿನಲ್ಲಿಯೋ ಕಶೇಡಿ ಘಟ್ಟದಲ್ಲಿಯೋ ಥಟ್ಟನೆ ಬಲಗುಂದುತ್ತದೆ. ಕಾಲಿನಡಿಯ ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ವೇಗ ಏರುವುದಿಲ್ಲ. ಎದುರಿನ ಫಲಕದಲ್ಲಿ ಎಂಜಿನಿನ ಆಕಾರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ಒಯ್ದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಎರಡರಲ್ಲೊಂದು: ತಂತ್ರಾಂಶವನ್ನು ಅಪ್‌ಡೇಟ್ ಮಾಡಿಸಬೇಕು, ಅಥವಾ ಇ.ಸಿ.ಎಂ. ಕೆಟ್ಟಿದೆ, ಬದಲಾಯಿಸಬೇಕು. ಮೊದಲನೆಯದಕ್ಕೆ ಕೆಲವು ಸಾವಿರ ರೂಪಾಯಿ. ಎರಡನೆಯದಕ್ಕೆ ತಗಲುವ ವೆಚ್ಚವು ಹಳೆಯ ಗಾಡಿಯ ಅಂದಿನ ಬೆಲೆಯಲ್ಲಿ ಒಂದು ಒಳ್ಳೆಯ ಪಾಲು. ಈ ಎರಡು ಉತ್ತರಗಳನ್ನೂ ಕೇಳಿದೊಡನೆ ಒಪ್ಪಲಾಗದು. ಅದೇಕೆಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೋಟಾರಿನ ವಿಷಯವು ಕನ್ನಡಿಗರಿಗೆ, ಅದರಲ್ಲಿಯೂ ಮುಂಬಯಿಯ ಕನ್ನಡಿಗರಿಗೆ, ತೀರ ಹೊರಗಿನದಲ್ಲ. ಈ ನಗರದಲ್ಲಿ ಒಂದು ಮೋಟಾರು ಕಾರ್ಖಾನೆ ನಿಲ್ಲಬೇಕೆಂದು ೧೯೩೦ರ ದಶಕದಲ್ಲಿಯೇ ಯೋಜನೆ ಹಾಕಿ ಅದಕ್ಕಾಗಿ ಹೆಣಗಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅಂದಿನ ಭಾರತ ಸರ್ಕಾರದ ಬೆಂಬಲ ದೊರೆಯದೆ ಅದು ಅವರು ಬಯಸಿದ ರೀತಿಯಲ್ಲಿ ಕೈಗೂಡಲಿಲ್ಲ. ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯ ಕಾರ್ಖಾನೆ ಮುಂದೆ ಕುರ್ಲಾದಲ್ಲಿ ನಡೆಯಿತು. ಡೀಸೆಲ್ ಎಂಜಿನಿಗೆ ಇಂಧನವನ್ನು ಅಳೆದು ಚಿಮ್ಮಿಸುವ ಪಂಪುಗಳನ್ನು ತಯಾರಿಸಿದ ಮೈಕೋ ಕಂಪನಿ ೧೯೫೧ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆಯಿತು. ೨೦೦೮ರಲ್ಲಿ ಅದು ತನ್ನ ಮೂಲ ಸಂಸ್ಥೆಯಾದ ಬಾಷ್‌ನ ಹೆಸರನ್ನೇ ತಳೆಯಿತು. ಆ ಕಾಲದ ಪಂಪಿನೊಳಗೆ ಹಲ್ಲುಗಾಲಿ, ಸ್ಪ್ರಿಂಗು, ತೂಗುಗುಂಡುಗಳ ಹೊರತು ಬೇರೇನೂ ಇರಲಿಲ್ಲ. ಅನುಭವಿಯಾದ ಮೇಸ್ತ್ರಿಯು ಎಂಜಿನಿನ ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ, ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಅದನ್ನು ಸರಿಪಡಿಸಬಲ್ಲವನಾಗಿದ್ದನು.

ಈ ಸ್ಥಿತಿಯನ್ನು ಮುಖ್ಯವಾಗಿ ಬದಲಾಯಿಸಿದುದು ಹೊಗೆಯ ಕುರಿತಾದ ಕಾನೂನು. ಮುಂಬಯಿಗೆ ಭಾರತ್ ಸ್ಟೇಜ್ ಮೂರನೆಯ ಹಂತದ ನಿಯಮ ೨೦೦೫ರ ಏಪ್ರಿಲಿನಲ್ಲಿಯೂ, ನಾಲ್ಕನೆಯ ಹಂತದ್ದು ೨೦೧೦ರ ಏಪ್ರಿಲಿನಲ್ಲಿಯೂ ಅನ್ವಯವಾದವು. ಇಷ್ಟು ಬಿಗಿಯಾದ ಮಿತಿಯೊಳಗೆ ಹೊಗೆಯನ್ನು ಇರಿಸಬೇಕಾದರೆ ಇಂಧನವನ್ನು ಮಿಲಿಗ್ರಾಂ ಲೆಕ್ಕದಲ್ಲಿ, ಸೆಕೆಂಡಿನ ಸಾವಿರದಲ್ಲೊಂದು ಅಂಶದ ಲೆಕ್ಕದಲ್ಲಿ ಅಳೆದು ಕೊಡಬೇಕು. ಅದು ಸ್ಪ್ರಿಂಗಿನಿಂದ ಆಗುವ ಕೆಲಸವಲ್ಲ. ೧೯೯೭ರಲ್ಲಿ ಯೂರೋಪಿನ ಕಾರುಗಳಲ್ಲಿ ಮೊದಲು ಬಳಕೆಗೆ ಬಂದ ಕಾಮನ್ ರೇಲ್ ಪದ್ಧತಿಯು ನಮ್ಮಲ್ಲಿಯೂ ಪ್ರಚಾರಕ್ಕೆ ಬಂದುದು ಹೀಗೆ. ಇದರಲ್ಲಿ ಪಂಪು ಇಂಧನವನ್ನು ಒತ್ತಿ ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ೧೩೫೦ರಿಂದ ೧೬೦೦ ಬಾರ್‌ವರೆಗಿನ ಒತ್ತಡದಲ್ಲಿ ಕೂಡಿಡುತ್ತದೆ. ಯಾವ ಸಿಲಿಂಡರಿಗೆ, ಯಾವ ಕ್ಷಣದಲ್ಲಿ, ಎಷ್ಟು ಹೊತ್ತು ಇಂಜೆಕ್ಟರು ತೆರೆಯಬೇಕೆಂಬುದನ್ನು ವಿದ್ಯುತ್ತಿನ ಆಜ್ಞೆಯಿಂದ ನಿರ್ಣಯಿಸುವುದು ಎಂಜಿನಿನ ಗಣಕ.

ಈ ಗಣಕವೆಂದರೆ ಅಂಗೈಗಿಂತ ತುಸು ದೊಡ್ಡದಾದ ಒಂದು ಲೋಹದ ಪೆಟ್ಟಿಗೆ. ಅದು ಕಣ್ಣು ಕಿವಿಗಳಿಲ್ಲದ ಪ್ರಾಣಿ. ಹೊರಗಿನ ಲೋಕವನ್ನು ಅದು ತಿಳಿಯುವುದು ಸೆನ್ಸರುಗಳ ಮೂಲಕ ಮಾತ್ರ. ಒಳಬರುವ ಗಾಳಿಯ ಪ್ರಮಾಣ, ಟರ್ಬೊ ಒತ್ತಿದ ಗಾಳಿಯ ಒತ್ತಡ, ರೇಲಿನ ಇಂಧನದ ಒತ್ತಡ, ನೀರಿನ ಉಷ್ಣತೆ, ಕ್ರ್ಯಾಂಕಿನ ಸ್ಥಾನ, ಚಾಲಕನ ಪಾದದ ಒತ್ತು ಇವೆಲ್ಲವೂ ಅದಕ್ಕೆ ಕೆಲವು ವೋಲ್ಟುಗಳ ರೂಪದಲ್ಲಿ ತಲಪುತ್ತವೆ. ಒಳಗೆ ಎರಡು ಬಗೆಯ ಬರಹಗಳಿರುತ್ತವೆ. ಒಂದು, ಹೀಗಾದರೆ ಹೀಗೆ ಮಾಡು ಎಂಬ ಕ್ರಮವಿಧಿ. ಇನ್ನೊಂದು, ಈ ವೇಗದಲ್ಲಿ ಈ ಭಾರಕ್ಕೆ ಇಷ್ಟು ಇಂಧನ, ಇಷ್ಟು ಗಾಳಿ ಎಂದು ಸಾವಿರಾರು ಅಂಕಿಗಳಲ್ಲಿ ಬರೆದಿಟ್ಟ ಕೋಷ್ಟಕಗಳು. ತಯಾರಕರು ಎಂಜಿನನ್ನು ಪ್ರಯೋಗಶಾಲೆಯಲ್ಲಿಯೂ ಚಳಿ ಬಿಸಿಲು ಬೆಟ್ಟಗಳಲ್ಲಿಯೂ ಓಡಿಸಿ ಬಹು ಶ್ರಮದಿಂದ ಸಿದ್ಧಪಡಿಸುವುದು ಈ ಕೋಷ್ಟಕಗಳನ್ನು. ಇವಲ್ಲದೆ, ಓಡುತ್ತ ಓಡುತ್ತ ಗಣಕವು ತಾನೇ ಕಲಿತು ಗುರುತುಹಾಕಿಕೊಂಡ ಕೆಲವು ಸಣ್ಣ ತಿದ್ದುಪಡಿಗಳೂ ಇರುತ್ತವೆ.

ಇನ್ನು ಅಪ್‌ಡೇಟ್ ಎಂಬುದನ್ನು ನೋಡೋಣ. ಇದಕ್ಕೆ ಪರಿಷ್ಕರಣವೆಂಬ ಮಾತು ಚೆನ್ನಾಗಿ ಒಪ್ಪುತ್ತದೆ. ಗ್ರಂಥದ ಪರಿಷ್ಕೃತ ಮುದ್ರಣದಂತೆಯೇ ಇದೂ ಸಹ. ಗಣಕದ ಸ್ಮೃತಿಯಲ್ಲಿರುವ ಕ್ರಮವಿಧಿಯನ್ನೋ ಕೋಷ್ಟಕಗಳನ್ನೋ ಅಳಿಸಿ ತಯಾರಕರು ತಿದ್ದಿದ ಹೊಸ ಪಾಠವನ್ನು ಬರೆಯುವುದು, ಇಷ್ಟೇ ಅದರ ಅರ್ಥ. ಮುಂಜಾನೆಯ ತಣ್ಣನೆಯ ಎಂಜಿನು ಹೊಗೆ ಕಾರುವುದು, ಒಂದು ನಿರ್ದಿಷ್ಟ ವೇಗದಲ್ಲಿ ಜಗ್ಗುವುದು, ದೋಷವಿಲ್ಲದೆಯೂ ದೀಪ ಹೊತ್ತುವುದು, ಮೂಲದ ಬಿಡಿಭಾಗಕ್ಕೆ ಬದಲಾಗಿ ಬೇರೆ ವಿನ್ಯಾಸದ ಭಾಗ ಬಂದಿರುವುದು, ಇಂಥ ಕಾರಣಗಳಿಗಾಗಿ ತಯಾರಕರು ಪರಿಷ್ಕರಣವನ್ನು ಹೊರಡಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವುಂಟು. ಪರಿಷ್ಕರಣದಿಂದ ಗುಣವಾಗುವ ದೋಷವು ಹುಟ್ಟಿನಿಂದ ಬಂದ ದೋಷ. ಆ ಮಾದರಿಯ ವಾಹನಗಳೆಲ್ಲಕ್ಕೂ, ಹೊಸದಾಗಿದ್ದಾಗಲೇ, ಹೆಚ್ಚು ಕಡಮೆ ಒಂದೇ ಬಗೆಯಲ್ಲಿ ಇದ್ದ ದೋಷ. ಹನ್ನೆರಡು ವರ್ಷ ಚೆನ್ನಾಗಿ ಓಡಿದ ಗಾಡಿ ಹದಿಮೂರನೆಯ ವರ್ಷ ಘಟ್ಟ ಹತ್ತಲಾರದಾಯಿತೆಂದರೆ ಅದರ ಕೋಷ್ಟಕಗಳಲ್ಲಿ ಬದಲಾವಣೆಯೇನೂ ಆಗಿಲ್ಲ. ಬದಲಾಗಿರುವುದು ರಬ್ಬರು, ಲೋಹ, ತಂತಿ, ಮಸಿ. ಬಿರುಕುಬಿಟ್ಟ ಕೊಳವೆಯನ್ನು ಯಾವ ಕ್ರಮವಿಧಿಯೂ ಹೊಲಿಯಲಾರದು. ಪರಿಷ್ಕರಣವಾದ ಮೇಲೆ ಗಾಡಿ ಕೆಲವು ದಿನ ಚುರುಕಾಗಿ ಓಡಿದಂತೆ ಕಾಣುವುದುಂಟು. ಆ ಕೆಲಸದಲ್ಲಿ ಹಳೆಯ ದೋಷಸಂಕೇತಗಳೂ ಕಲಿತ ತಿದ್ದುಪಡಿಗಳೂ ಅಳಿಸಿಹೋಗುವುದೇ ಅದಕ್ಕೆ ಕಾರಣ. ರೋಗ ಇದ್ದಲ್ಲಿಯೇ ಇರುತ್ತದೆ. ವಾರವೋ ತಿಂಗಳೋ ಕಳೆದು ದೀಪ ಮತ್ತೆ ಹೊತ್ತುತ್ತದೆ.

ಪರಿಷ್ಕರಣವೆಲ್ಲವೂ ಮಾಲೀಕನ ಹಿತಕ್ಕಾಗಿಯೇ ಎಂದು ಭಾವಿಸಬೇಕಾಗಿಲ್ಲ. ೨೦೧೫ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯ ಡೀಸೆಲ್ ಎಂಜಿನುಗಳ ಗಣಕದಲ್ಲಿ, ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಹೊಗೆಯ ವಿಷಾಂಶವನ್ನು ತಗ್ಗಿಸುವ ಕ್ರಮವಿಧಿ ಅಡಗಿದೆಯೆಂದು ಅಮೆರಿಕದ ಪರಿಸರ ಸಂರಕ್ಷಣ ಸಂಸ್ಥೆ ಬಯಲುಮಾಡಿತು. ಭಾರತದಲ್ಲಿಯೂ ಪುಣೆಯ ಎ.ಆರ್.ಎ.ಐ. ಸಂಸ್ಥೆ ಪರೀಕ್ಷೆ ನಡೆಸಿದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ, ಕಂಪನಿಯು ಇಲ್ಲಿನ ೩,೨೩,೭೦೦ ವಾಹನಗಳನ್ನು ಕರೆಸಿಕೊಂಡು ತಂತ್ರಾಂಶವನ್ನು ತಿದ್ದುವುದಾಗಿ ಪ್ರಕಟಿಸಿತು. ಭಾರತದ ನಿಯಮವನ್ನು ತಾನು ಮುರಿದಿಲ್ಲವೆಂಬುದು ಅದರ ವಾದವಾಗಿತ್ತು. ೨೦೧೯ರ ಮಾರ್ಚಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ೫೦೦ ಕೋಟಿ ರೂಪಾಯಿ ದಂಡ ವಿಧಿಸಿತು. ಬಲವಂತದ ಕ್ರಮ ಕೂಡದೆಂದು ಸರ್ವೋಚ್ಚ ನ್ಯಾಯಾಲಯ ಅದೇ ಮೇ ತಿಂಗಳಲ್ಲಿ ಆಜ್ಞಾಪಿಸಿತು. ನಗರದ ಗಾಳಿಯ ದೃಷ್ಟಿಯಿಂದ ಅಂಥ ತಿದ್ದುಪಡಿ ಅಗತ್ಯವೇ ಸರಿ. ಆದರೆ ಗಾಡಿಯ ಶಕ್ತಿಯನ್ನು ಹೆಚ್ಚಿಸುವುದು ಅದರ ಉದ್ದೇಶವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಆದುದರಿಂದ ಅಪ್‌ಡೇಟ್ ಎಂದೊಡನೆ, ಇದು ಯಾವ ದೋಷಕ್ಕೆ, ತಯಾರಕರ ಯಾವ ಸೂಚನೆಯಂತೆ, ಈಗಿರುವ ಪಾಠದ ಸಂಖ್ಯೆ ಯಾವುದು, ಹೊಸದು ಯಾವುದು ಎಂದು ಕೇಳುವ ಹಕ್ಕು ಮಾಲೀಕನಿಗೆ ಇದೆ. ಉತ್ತರ ಬಾರದಿದ್ದಲ್ಲಿ ಹಣವನ್ನು ಜೇಬಿನಲ್ಲಿಯೇ ಇರಿಸಿಕೊಳ್ಳುವುದು ಲೇಸು.

ಈಗ ದೋಷಸಂಕೇತದ ವಿಚಾರ. ಸ್ಟಿಯರಿಂಗಿನ ಕೆಳಗೆ ಹದಿನಾರು ಕಿಂಡಿಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರನ್ನು ಜೋಡಿಸಿದರೆ ಗಣಕವು ತಾನು ಕಂಡ ಅಸಂಗತಿಯನ್ನು ಒಂದು ಅಕ್ಷರ ನಾಲ್ಕು ಅಂಕಿಗಳಲ್ಲಿ ತಿಳಿಸುತ್ತದೆ. ಪಿ ಎಂಬ ಅಕ್ಷರ ಎಂಜಿನು ಮತ್ತು ಗೇರುಗಳಿಗೆ ಸಂಬಂಧಿಸಿದ್ದು. ಅದರ ಮುಂದೆ ಸೊನ್ನೆ ಇದ್ದರೆ ಎಲ್ಲ ತಯಾರಕರಿಗೂ ಸಮಾನವಾದ ಅರ್ಥ, ಒಂದು ಇದ್ದರೆ ಆಯಾ ತಯಾರಕರ ಸ್ವಂತ ಅರ್ಥ. ನಮ್ಮ ದೇಶದಲ್ಲಿ ಈ ಆತ್ಮಪರೀಕ್ಷೆಯ ವ್ಯವಸ್ಥೆ ನಾಲ್ಕನೆಯ ಹಂತದ ವಾಹನಗಳಿಗೆ ೨೦೧೦ರಿಂದಲೂ, ಅದರ ವಿಸ್ತೃತ ರೂಪ ೨೦೧೩ರಿಂದಲೂ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಸಾಕೆಟ್ಟಿನ ಆಕಾರ ಒಂದೇ ಆದರೂ ಒಳಗಿನ ಭಾಷೆ ತಯಾರಕರದೇ ಆಗಿರುವುದುಂಟು. ಪೇಟೆಯ ಅಗ್ಗದ ಸ್ಕ್ಯಾನರು ಅಲ್ಲಿ ಏನನ್ನೂ ಓದಲಾರದು. ಹಾಗೆಂದು ಗಣಕವೇ ಸತ್ತಿದೆಯೆಂದು ತೀರ್ಮಾನಿಸುವುದು, ಮೋಡಿ ಲಿಪಿಯನ್ನು ಓದಲು ಬಾರದವನು ಕಾಗದವೇ ಖಾಲಿಯೆಂದಂತೆ ಆದೀತು.

ದೋಷಸಂಕೇತವು ಸಾಕ್ಷಿಯ ಹೇಳಿಕೆಯೇ ಹೊರತು ತೀರ್ಪಲ್ಲ. ಗ್ರಂಥಸಂಪಾದಕನು ಒಂದು ಪ್ರತಿಯಲ್ಲಿ ಅಸಂಗತವಾದ ಪಾಠವನ್ನು ಕಂಡೊಡನೆ ಕವಿಯೇ ತಪ್ಪಿದನೆನ್ನುವುದಿಲ್ಲ. ಲಿಪಿಕಾರನ ಕೈತಪ್ಪೋ, ಓಲೆಗೆ ಹುಳು ಬಿದ್ದುದೋ ಎಂದು ವಿಚಾರಿಸುತ್ತಾನೆ. ಗಣಕವು ಹೇಳುವುದು ಇಷ್ಟೇ: ತನಗೆ ತಲಪಿದ ಅಂಕಿ ತಾನು ನಿರೀಕ್ಷಿಸಿದ ಮಿತಿಯೊಳಗೆ ಇಲ್ಲ. ಏಕೆ ಇಲ್ಲವೆಂಬುದು ಅದಕ್ಕೆ ತಿಳಿಯದು. ತಿಳಿಯದಿರುವಾಗ ಎಂಜಿನಿಗೆ ಅಪಾಯವಾಗದಿರಲೆಂದು ಇಂಧನವನ್ನೂ ಟರ್ಬೊ ಒತ್ತಡವನ್ನೂ ಅದು ತಗ್ಗಿಸಿಬಿಡುತ್ತದೆ. ಘಟ್ಟದಲ್ಲಿ ಕಂಡ ಬಲಹೀನತೆ ಬಹುಮಟ್ಟಿಗೆ ಈ ಮುನ್ನೆಚ್ಚರಿಕೆಯ ಫಲವೇ.

ಘಟ್ಟದ ಆ ಪ್ರಸಂಗವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸ್ಕ್ಯಾನರಿನಲ್ಲಿ ಪಿ ೦೨೯೯ ಎಂಬ ಸಂಕೇತ ಬಂದಿದೆಯೆನ್ನಿರಿ. ಟರ್ಬೊದ ಒತ್ತಡ ಬೇಕಾದುದಕ್ಕಿಂತ ಕಡಮೆಯಾಗಿದೆ ಎಂದು ಅದರ ಅರ್ಥ. ಟರ್ಬೊವನ್ನೇ ಬದಲಾಯಿಸೋಣವೆಂಬ ಸಲಹೆ ತಡವಿಲ್ಲದೆ ಬರುತ್ತದೆ. ಆದರೆ ಈ ಒಂದು ಸಂಕೇತದ ಹಿಂದೆ ಇರಬಹುದಾದ ಅಪರಾಧಿಗಳು ಅನೇಕ. ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನಿಗೂ ಹೋಗುವ ರಬ್ಬರಿನ ಕೊಳವೆ ಬಿರುಕುಬಿಟ್ಟಿರಬಹುದು. ನಿಧಾನವಾಗಿ ಓಡುವಾಗ ಮುಚ್ಚಿಕೊಂಡಿರುವ ಬಿರುಕು ಏರಿನ ಒತ್ತಡಕ್ಕೆ ಬಾಯ್ತೆರೆಯುತ್ತದೆ. ಸುತ್ತಮುತ್ತ ಎಣ್ಣೆಯ ಜಿಡ್ಡು ಹರಡಿರುವುದೇ ಅದರ ಗುರುತು. ಗಾಳಿಯ ಫಿಲ್ಟರು ಧೂಳಿನಿಂದ ಕಟ್ಟಿರಬಹುದು. ಟರ್ಬೊದ ಒಳಗಿನ ಚಲಿಸುವ ರೆಕ್ಕೆಗಳು ಮಸಿ ಹಿಡಿದು ಅಂಟಿಕೊಂಡಿರಬಹುದು. ಅನೇಕ ಹಳೆಯ ಮಾದರಿಗಳಲ್ಲಿ ಆ ರೆಕ್ಕೆಗಳನ್ನು ಎಳೆಯುವುದು ನಿರ್ವಾತದ ಶಕ್ತಿ. ಅದನ್ನು ಒಯ್ಯುವ ಪೆನ್ಸಿಲ್ ದಪ್ಪದ ಕೊಳವೆ ಎಂಜಿನಿನ ಕಾವಿಗೆ ಗಡಸಾಗಿ ಸೀಳಿರಬಹುದು. ಆ ಕೊಳವೆಗೆ ತಗಲುವ ವೆಚ್ಚ ಟರ್ಬೊದ ವೆಚ್ಚದ ಮುಂದೆ ಏನೂ ಅಲ್ಲ. ಕೊನೆಯದಾಗಿ, ಒತ್ತಡ ಸರಿಯಾಗಿಯೇ ಇದ್ದು ಅದನ್ನು ಅಳೆಯುವ ಸೆನ್ಸರೇ ಮಸಿ ಮುಚ್ಚಿ ಸುಳ್ಳು ಹೇಳುತ್ತಿರಬಹುದು.

ಇವುಗಳಲ್ಲಿ ಯಾವುದೆಂದು ತಿಳಿಯುವ ಬಗೆ ಹೇಗೆ? ಸಂಕೇತ ದಾಖಲಾದ ಕ್ಷಣದ ವೇಗ, ಭಾರ, ಉಷ್ಣತೆಗಳನ್ನು ಗಣಕವು ಒಂದು ಚಿತ್ರದಂತೆ ಹಿಡಿದಿಟ್ಟಿರುತ್ತದೆ. ಅಳಿಸುವ ಮುನ್ನ ಅದನ್ನು ಬರೆದುಕೊಳ್ಳಬೇಕು. ಸಂಕೇತವನ್ನು ಮೊದಲು ಅಳಿಸಿ ಆಮೇಲೆ ವಿಚಾರಿಸುವವನು ಸಾಕ್ಷ್ಯವನ್ನು ನಾಶಮಾಡಿದಂತೆ. ಮುಂದೆ, ಎಂಜಿನನ್ನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ ಒತ್ತಡದ ಸೆನ್ಸರಿನ ಅಂಕಿಯನ್ನು ಓದಬೇಕು. ಆಗ ಅದು ತೋರಿಸಬೇಕಾದುದು ಹೊರಗಿನ ವಾಯುಭಾರವನ್ನೇ. ಸಮುದ್ರಮಟ್ಟದಲ್ಲಿರುವ ಮುಂಬಯಿಯಲ್ಲಿ ಅದು ಸುಮಾರು ೧೦೦ ಕಿಲೋಪಾಸ್ಕಲ್. ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಾದರೆ ೯೧. ದಾದರಿನಲ್ಲಿ ನಿಂತ ಗಾಡಿ ೮೦ ಎಂದು ತೋರಿಸಿದರೆ ಸೆನ್ಸರನ್ನೋ ಅದರ ತಂತಿಯನ್ನೋ ಸಂಶಯಿಸಬೇಕು. ಹಾಗೆಯೇ ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ನೀರಿನ ಉಷ್ಣತೆಯೂ ಒಳಬರುವ ಗಾಳಿಯ ಉಷ್ಣತೆಯೂ ಹೆಚ್ಚು ಕಡಮೆ ಒಂದೇ ಆಗಿರಬೇಕು. ಖರ್ಚಿಲ್ಲದ ಪರೀಕ್ಷೆಗಳಿವು. ಇದಾದ ಮೇಲೆ ಕೈಪಂಪಿನಿಂದ ನಿರ್ವಾತವನ್ನು ಕೊಟ್ಟು ಟರ್ಬೊದ ಸರಳು ಸಲೀಸಾಗಿ ಚಲಿಸುವುದೇ ಎಂದು ಕಣ್ಣಾರೆ ನೋಡಬಹುದು. ಕೊನೆಗೆ ಗಾಡಿಯನ್ನು ಏರಿನಲ್ಲಿ ಓಡಿಸುತ್ತ, ಗಣಕವು ಬೇಡಿದ ಒತ್ತಡ ಎಷ್ಟು, ದೊರೆತುದು ಎಷ್ಟು ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಗಮನಿಸಬೇಕು. ಇದನ್ನು ಚಾಲಕನಲ್ಲ, ಬಳಿಯಲ್ಲಿ ಕುಳಿತವನು ಮಾಡತಕ್ಕದ್ದು. ಬೇಡಿಕೆಯೇ ಕಡಮೆಯಿದ್ದರೆ ದೋಷ ಬೇರೆಡೆ ಇದೆ. ಬೇಡಿಕೆ ಸರಿಯಿದ್ದು ಪೂರೈಕೆ ಕುಂದಿದ್ದರೆ ಮೇಲೆ ಹೇಳಿದ ಅಪರಾಧಿಗಳಲ್ಲಿ ಒಬ್ಬ.

ರೇಲಿನ ಒತ್ತಡ ಕಡಮೆಯೆನ್ನುವ ಪಿ ೦೦೮೭ ಸಂಕೇತದ ವಿಚಾರವೂ ಇದೇ ರೀತಿಯದು. ಡೀಸೆಲ್ ಫಿಲ್ಟರು ಕಟ್ಟಿರುವುದು, ಕೊಳವೆಯ ಕೀಲಿನಲ್ಲಿ ಗಾಳಿ ಹೀರುವುದು, ಪಂಪಿನ ಮೇಲಿರುವ ಅಳತೆಯ ವಾಲ್ವು ಸಿಕ್ಕಿಕೊಳ್ಳುವುದು, ಇಂಜೆಕ್ಟರು ಸವೆದು ಇಂಧನವನ್ನು ಹಿಂದಕ್ಕೆ ಬಿಡುವುದು, ಇವುಗಳ ಅನಂತರವೇ ಪಂಪಿನ ಸರದಿ. ಹಿಂದಕ್ಕೆ ಬರುವ ಇಂಧನವನ್ನು ನಾಲ್ಕು ಇಂಜೆಕ್ಟರುಗಳಿಂದ ನಾಲ್ಕು ಸಣ್ಣ ಸೀಸೆಗಳಿಗೆ ಹರಿಸಿ ಹೋಲಿಸಿದರೆ ಯಾವುದು ಸವೆದಿದೆಯೆಂದು ಮಕ್ಕಳೂ ಹೇಳಬಲ್ಲರು. ಇಂಜೆಕ್ಟರನ್ನು ಬದಲಾಯಿಸಿದಾಗ ಮಾತ್ರ ಗಣಕದ ಕೆಲಸ ನಿಜವಾಗಿ ಬರುತ್ತದೆ. ಅನೇಕ ಮಾದರಿಗಳಲ್ಲಿ ಪ್ರತಿಯೊಂದು ಇಂಜೆಕ್ಟರಿನ ಮೈಮೇಲೆ ಅದರ ಅಳತೆಯ ವ್ಯತ್ಯಾಸವನ್ನು ಸೂಚಿಸುವ ಒಂದು ಸಂಖ್ಯೆ ಕೆತ್ತಿರುತ್ತದೆ. ಅದನ್ನು ಗಣಕಕ್ಕೆ ಬರೆಯದೆ ಬಿಟ್ಟರೆ ಹೊಸ ಇಂಜೆಕ್ಟರು ಹಾಕಿಯೂ ಎಂಜಿನು ಒರಟಾಗಿ ಓಡುತ್ತದೆ.

ಮುಂಬಯಿಯ ವಾತಾವರಣವೂ ಈ ನಿದಾನದಲ್ಲಿ ಲೆಕ್ಕಕ್ಕೆ ಬರುತ್ತದೆ. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಅಂಧೇರಿಯಿಂದ ಬೋರಿವಲಿಗೆ ತೆವಳುತ್ತ ಹೋಗುವ ಎಂಜಿನು ಎಂದೂ ಪೂರ್ಣವಾಗಿ ದುಡಿಯದೆ, ಇ.ಜಿ.ಆರ್. ವಾಲ್ವಿನಲ್ಲಿಯೂ ಟರ್ಬೊದ ರೆಕ್ಕೆಗಳಲ್ಲಿಯೂ ಮಸಿ ಕಟ್ಟಿಕೊಳ್ಳುತ್ತದೆ. ಕಡಲಿನ ಉಪ್ಪುಗಾಳಿ ಎಂಜಿನಿಗೂ ಮೈಗೂ ನಡುವಿನ ಅರ್ಥಿಂಗ್ ತಂತಿಯ ತುದಿಯನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಸೊಸೈಟಿಯ ಅಂಗಳದಲ್ಲಿ ನಿಂತ ಗಾಡಿಯ ಬಾನೆಟ್ಟಿನೊಳಗೆ ಆಶ್ರಯ ಪಡೆದ ಇಲಿಗಳು ತಂತಿ ಕಡಿಯುವುದು ಈ ನಗರದಲ್ಲಿ ನಿತ್ಯದ ಸಂಗತಿ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ೯೪೪ ಮಿಲಿಮೀಟರು ಮಳೆ ಸುರಿದುದನ್ನು ಬಲ್ಲವರಿಗೆ ನೀರು ಹೊಕ್ಕ ಗಾಡಿಯ ಪಾಡನ್ನು ವಿವರಿಸಬೇಕಾಗಿಲ್ಲ; ಕನೆಕ್ಟರಿನ ಪಿನ್ನುಗಳಲ್ಲಿ ಅಂದು ಹಿಡಿದ ಹಸುರು ಕಿಲುಬು ಎಷ್ಟೋ ಕಾಲದ ಮೇಲೆ ತೊಂದರೆ ಕೊಡುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಸಂಕೇತಗಳು ಏಕಕಾಲಕ್ಕೆ ಬಂದರೆ ಐದಾರು ಭಾಗಗಳು ಒಟ್ಟಿಗೆ ಕೆಟ್ಟವೆಂದು ತಿಳಿಯಬಾರದು. ಸೆನ್ಸರುಗಳಲ್ಲಿ ಬಹುಪಾಲಿಗೆ ಗಣಕವು ೫ ವೋಲ್ಟಿನ ಸಾಮಾನ್ಯ ಆಧಾರವನ್ನು ಒದಗಿಸುತ್ತದೆ. ಅವುಗಳಲ್ಲಿ ಒಂದರ ತಂತಿ ಮೈಗೆ ತಗಲಿದರೆ ಉಳಿದವೂ ಸುಳ್ಳು ಹೇಳತೊಡಗುತ್ತವೆ. ಬ್ಯಾಟರಿ ನಿಂತಾಗ ಸುಮಾರು ೧೨.೫ ವೋಲ್ಟು, ಎಂಜಿನು ಓಡುವಾಗ ಸುಮಾರು ೧೪ ವೋಲ್ಟು ತೋರಿಸುವುದೇ ಎಂದು ನೋಡುವುದು ಎಲ್ಲಕ್ಕಿಂತ ಮೊದಲ ಕೆಲಸ.

ಗಣಕವೇ ಕೆಡುವುದಿಲ್ಲವೆಂದಲ್ಲ. ನೀರು ಹೊಕ್ಕರೆ, ಬ್ಯಾಟರಿಯ ತಂತಿಯನ್ನು ತಿರುಗುಮುರುಗಾಗಿ ಜೋಡಿಸಿದರೆ, ಬೆಸುಗೆ ಸಡಿಲಿದರೆ ಅದೂ ಕೆಡುತ್ತದೆ. ಆದರೆ ಅದಕ್ಕೆ ಸರಿಯಾದ ವಿದ್ಯುತ್ತು ಬರುತ್ತಿದೆ, ಅರ್ಥಿಂಗ್ ಸರಿಯಿದೆ, ಸೆನ್ಸರುಗಳು ಹೇಳುವುದು ನಿಜ, ಆದರೂ ಅದರಿಂದ ಆಜ್ಞೆ ಹೊರಡುತ್ತಿಲ್ಲ ಎಂಬುದನ್ನು ಮೀಟರಿನಿಂದ ತೋರಿಸಿದ ಮೇಲೆಯೇ ಆ ಮಾತಿಗೆ ಬೆಲೆ. ಕುರ್ಲಾದ ಹಳೆಯ ಸಾಮಾನಿನ ಅಂಗಡಿಯಿಂದ ಅದೇ ಮಾದರಿಯ ಗಣಕವನ್ನು ತಂದು ಕೂರಿಸಿದರೆ ಸಾಲದು. ಕಳ್ಳತನ ತಡೆಯುವ ವ್ಯವಸ್ಥೆ ಕೀಲಿಯನ್ನೂ ಗಣಕವನ್ನೂ ಒಂದಕ್ಕೊಂದು ಗಂಟುಹಾಕಿರುತ್ತದೆ. ಅಪರಿಚಿತ ಗಣಕಕ್ಕೆ ಎಂಜಿನು ಚಾಲೂ ಆಗುವುದಿಲ್ಲ. ಬೋರ್ಡನ್ನು ಬಿಚ್ಚಿ ಕೆಟ್ಟ ಅವಯವವನ್ನಷ್ಟೇ ಬದಲಾಯಿಸುವ ನುರಿತ ಕೈಗಳು ಈ ನಗರದಲ್ಲಿ ಇವೆ. ನನ್ನ ಮಟ್ಟಿಗೆ ಅದೇ ಉತ್ತಮ ದಾರಿ.

ಇನ್ನೊಂದು ಪ್ರಲೋಭನೆಯನ್ನು ಹೇಳಿ ಮುಂದೆ ಹೋಗುತ್ತೇನೆ. ಕೋಷ್ಟಕಗಳನ್ನು ಖಾಸಗಿಯಾಗಿ ತಿದ್ದಿ ಶಕ್ತಿ ಹೆಚ್ಚಿಸಿಕೊಡುತ್ತೇವೆ, ಇ.ಜಿ.ಆರ್. ವಾಲ್ವನ್ನು ಮುಚ್ಚಿಬಿಡುತ್ತೇವೆ ಎನ್ನುವವರಿದ್ದಾರೆ. ಸವೆದ ಇಂಜೆಕ್ಟರಿನ ಎಂಜಿನಿಗೆ ಹೆಚ್ಚು ಇಂಧನ ಕೊಟ್ಟರೆ ಅದರ ಆಯುಷ್ಯ ಕಡಮೆಯಾಗುವುದು ಖಂಡಿತ. ೧೯೮೮ರ ಮೋಟಾರು ವಾಹನ ಅಧಿನಿಯಮದ ೫೨ನೆಯ ಪ್ರಕರಣವು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ನಿಷೇಧಿಸುತ್ತದೆ. ಹದಿನೈದು ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಬೇಕಾದರೆ ಪರೀಕ್ಷೆಗೆ ಒಡ್ಡಲೇಬೇಕು. ೨೦೧೦ರ ಸುಮಾರಿಗೆ ಕೊಂಡ ಗಾಡಿಗಳು ಈಗ ಆ ಬಾಗಿಲಿಗೆ ಬಂದು ನಿಂತಿವೆ. ಹೊಗೆ ಹೆಚ್ಚಿಸಿಕೊಂಡು ಅಲ್ಲಿಗೆ ಹೋಗುವುದು ಬುದ್ಧಿವಂತಿಕೆಯಲ್ಲ.

ಹಳೆಯ ಮೇಸ್ತ್ರಿಯ ಕಿವಿಗೆ ಇದ್ದ ಬೆಲೆ ಹೋಯಿತೆಂದು ಹಲುಬುವವರನ್ನು ನಾನು ಒಪ್ಪುವುದಿಲ್ಲ. ಸೀಳಿದ ಕೊಳವೆಯ ಸುಯ್ಲನ್ನು ಇಂದಿಗೂ ಕೇಳಬೇಕಾದುದು ಆ ಕಿವಿಯೇ. ಕೊರತೆ ಇರುವುದು ಬೇರೆಡೆ: ತಯಾರಕರ ಪರೀಕ್ಷಾಕ್ರಮ, ತಂತಿಗಳ ನಕ್ಷೆ, ಸರಿಯಾದ ಅಂಕಿಗಳ ಪಟ್ಟಿ ಸಣ್ಣ ಗ್ಯಾರೇಜಿನವನಿಗೆ ಸುಲಭವಾಗಿ ದೊರೆಯುವುದಿಲ್ಲ. ದುರಸ್ತಿಯ ಮಾಹಿತಿಯನ್ನು ಗ್ರಾಹಕರಿಗೆ ಒದಗಿಸುವ ಸಲುವಾಗಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೨ರ ಡಿಸೆಂಬರಿನಲ್ಲಿ ಒಂದು ಅಂತರ್ಜಾಲ ದ್ವಾರವನ್ನು ತೆರೆದು ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಆದರೆ ಮೇಲಿನ ನಕ್ಷೆ, ಅಂಕಿಗಳು ಬೀದಿಯ ಗ್ಯಾರೇಜಿನವನ ಕೈಗೆ ಬರುವವರೆಗೆ ಊಹೆಯಿಂದ ಭಾಗ ಬದಲಾಯಿಸುವ ಪದ್ಧತಿ ನಿಲ್ಲದು. ಆ ಊಹೆಯ ಬೆಲೆಯನ್ನು ತೆರುವವನು ಮಾಲೀಕ.

ಎಲ್ಲ ಪರೀಕ್ಷೆಗಳೂ ಮುಗಿದು, ಭಾಗಗಳೆಲ್ಲ ಸರಿಯಿದ್ದು, ತಯಾರಕರ ಪರಿಷ್ಕರಣವೊಂದು ನಿಜವಾಗಿಯೂ ಬಾಕಿ ಇದೆಯೆಂದು ಗೊತ್ತಾದರೆ ಅದನ್ನು ಮಾಡಿಸತಕ್ಕದ್ದೇ. ಹೊಸ ಪಾಠವನ್ನು ಬರೆಯುತ್ತಿರುವಾಗ ವಿದ್ಯುತ್ತು ಕುಸಿದರೆ ಅರ್ಧ ಬರೆದ ಸ್ಮೃತಿಯೊಡನೆ ಗಣಕವು ನಿಂತುಹೋಗಬಹುದು. ಹಳೆಯ ಬ್ಯಾಟರಿಯನ್ನು ನಂಬದೆ ಸ್ಥಿರವಾದ ಚಾರ್ಜರನ್ನು ಜೋಡಿಸಿಕೊಂಡು ಆ ಕೆಲಸ ನಡೆಯಬೇಕು. ಮುಂಚಿನ ಮತ್ತು ಅನಂತರದ ಪಾಠಸಂಖ್ಯೆಗಳನ್ನೂ, ಆಗ ಇದ್ದ ದೋಷಸಂಕೇತಗಳನ್ನೂ ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ಊರಿಗೆ ಹೊರಡುವ ಹಿಂದಿನ ದಿನ ಇದಕ್ಕೆ ತಕ್ಕ ಕಾಲವಲ್ಲ. ಒಂದು ಭಾನುವಾರ ಮುಂಜಾನೆ ಖಂಡಾಲದವರೆಗೆ ಹೋಗಿ, ಬೇಡಿದ ಒತ್ತಡವೂ ದೊರೆತ ಒತ್ತಡವೂ ಏರಿನಲ್ಲ��� ಒಂದಾಗಿ ನಡೆಯುತ್ತಿವೆಯೇ ಎಂದು ನೋಡಿಕೊಂಡು ಬರಬಹುದು.